ಕಾಲಿಗೆ ಕಟ್ಟಿದ ಚೀಟಿ

ಶನಿವಾರ, ಭಾನುವಾರ ಬಂತೆಂದರೆ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ರೈಲು ನಿಲ್ದಾಣದಿಂದ ಹೊರಡುವ ನೆಲದಡಿಯ ಕಾಲುದಾರಿಯಲ್ಲಿ ಮಕ್ಕಳದೇ ಗದ್ದಲ. ಉದ್ದನೆಯ ಆ ಸುರಂಗ ದಾಟಿ ಮೇಲೆ ಬಂದರೆ ನಸುಹಳದಿ, ನೀಲಿಬೂದು ಬಣ್ಣದ ಟೆರಾಕೋಟಾ ಗೋಡೆಗಳ ಭಾರಿ ಕಟ್ಟಡ ಎದುರಾಗುತ್ತದೆ. ಅರಮನೆಯೋ ಚರ್ಚೋ ಎಂದು ಹೊಸಬರು ಅನುಮಾನಿಸುವಂಥ ಈ ಕಟ್ಟಡವೇ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. 1881ರ ಏಪ್ರಿಲ್ 18ರಂದು ಜನರಿಗೆ ಬಾಗಿಲು ತೆರೆದ ಈ ಸಂಗ್ರಹಾಲಯದ ಬಳಿ ಈಗ ಸುಮಾರು 8 ಕೋಟಿ ಮಾದರಿಗಳಿವೆ. ಕಲ್ಲು, ಉಲ್ಕೆ, ಮೂಳೆ, ಮೊಟ್ಟೆ, ಚಿಟ್ಟೆ, ಹಕ್ಕಿ, ಪಾಚಿ, ಮೀನು, ಎಲ್ಲವೂ ಸೇರಿ.

ಒಳಗೆ ಕಾಲಿಟ್ಟ ಕೂಡಲೇ ಎಲ್ಲರ ಕತ್ತೂ ಮೇಲಕ್ಕೆ. ಹಿಂಟ್ಜ್ ಹಾಲ್ ಎಂಬ ನಡುಮನೆಯ ಛಾವಣಿಯಿಂದ ನೀಲಿ ತಿಮಿಂಗಿಲದ ಇಡೀ ಅಸ್ಥಿಪಂಜರ ತೂಗುತ್ತಿದೆ. ಉದ್ದ 25.2 ಮೀಟರ್, ಮೂಳೆಗಳು 221, ತೂಕ ನಾಲ್ಕೂವರೆ ಟನ್. ಆಹಾರದ ಮೇಲೆ ಮುಗಿಬೀಳುವಾಗ ತಿಮಿಂಗಿಲ ಹೇಗೆ ತಲೆ ತಗ್ಗಿಸಿ, ದವಡೆ ಅಗಲಿಸಿ ಧುಮುಕುತ್ತದೋ ಅದೇ ಭಂಗಿಯಲ್ಲಿ ಮೂಳೆಗಳನ್ನು ಜೋಡಿಸಿದ್ದಾರೆ. 1891ರ ಮಾರ್ಚ್ ತಿಂಗಳಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ಬಂದರಿನ ಬಾಯಲ್ಲಿ, ಮರಳು ದಿಬ್ಬಕ್ಕೆ ಸಿಕ್ಕಿಕೊಂಡು ಸತ್ತ ಹೆಣ್ಣು ತಿಮಿಂಗಿಲ ಅದು. ಅದಕ್ಕೆ ಈಗ ‘ಹೋಪ್’ ಎಂದು ಹೆಸರಿಟ್ಟಿದ್ದಾರೆ. ಬೇಟೆಯಿಂದ ಅಳಿವಿನ ಅಂಚಿಗೆ ಹೋಗಿದ್ದ ನೀಲಿ ತಿಮಿಂಗಿಲಗಳನ್ನು ಕೊಲ್ಲಬಾರದೆಂಬ ತೀರ್ಮಾನವನ್ನು ಹಲವು ದೇಶಗಳು ಸೇರಿ ಕೈಗೊಂಡದ್ದು 1966ರಲ್ಲಿ, ಇದೇ ಲಂಡನ್ನಿನಲ್ಲಿ.

ನೋಡುವವರಿಗೆ ಮೂಳೆಗಳ ಗಾತ್ರವೇ ದೊಡ್ಡದು. ವಿಜ್ಞಾನಿಗಳಿಗೆ ಮೂಳೆಗಳ ಜೊತೆಗೆ ಜೋಪಾನವಾಗಿ ಉಳಿದ ಇನ್ನೊಂದು ವಸ್ತುವೂ ಅಷ್ಟೇ ದೊಡ್ಡದಾಗಿ ಕಂಡಿತು. ನೀಲಿ ತಿಮಿಂಗಿಲಕ್ಕೆ ಹಲ್ಲಿಲ್ಲ. ಮೇಲ್ದವಡೆಯಿಂದ ಇಳಿಬಿದ್ದಿರುವ ಪಟ್ಟಿಗಳಿಂದ ನೀರು ಸೋಸಿ ಸಿಗಡಿಯಂಥ ಪುಟ್ಟ ಜೀವಿಗಳನ್ನು ತಿನ್ನುತ್ತದೆ. ನಮ್ಮ ಉಗುರಿನಲ್ಲಿರುವ ಕೆರಾಟಿನ್ನಿಂದಲೇ ಆದ ಈ ಪಟ್ಟಿಗಳು ಉಗುರಿನಂತೆಯೇ ನಿಧಾನವಾಗಿ ಬೆಳೆಯುತ್ತವೆ. ಯಾವ ಕಡಲಲ್ಲಿ ಏನು ತಿಂದಿತೆಂಬ ಗುರುತು ಇಂಗಾಲ ಮತ್ತು ಸಾರಜನಕದ ಐಸೋಟೋಪುಗಳ (ಒಂದೇ ಧಾತುವಿನ, ತೂಕದಲ್ಲಿ ಬೇರೆಯಾದ ಪರಮಾಣುಗಳ) ರೂಪದಲ್ಲಿ ಅವುಗಳಲ್ಲಿ ಪದರಪದರವಾಗಿ ಕೂರುತ್ತದೆ. ಹೋಪ್‌ನ ಪಟ್ಟಿಗಳನ್ನು ಇತ್ತೀಚಿನ ವರ್ಷಗಳಲ್ಲಿ ಪರೀಕ್ಷಿಸಿದಾಗ ಅದರ ಬದುಕಿನ ಕೊನೆಯ ಸುಮಾರು ಏಳು ವರ್ಷಗಳ ಓಡಾಟದ ಅಂದಾಜು ಸಿಕ್ಕಿತು. ಉತ್ತರದ ತಣ್ಣೀರಿಗೂ ದಕ್ಷಿಣದ ಬೆಚ್ಚನೆಯ ನೀರಿಗೂ ನಡುವೆ ಅದು ಹೋಗಿಬರುತ್ತಿತ್ತು. ನಡುವೆ ಒಂದು ಅವಧಿಯಲ್ಲಿ ಬೆಚ್ಚನೆಯ ನೀರಿನಲ್ಲೇ ಉಳಿದುಬಿಟ್ಟಿತ್ತು. ಮರಿ ಹಾಕಿ ಸಾಕಿದ ಕಾಲ ಅದಾಗಿರಬಹುದೆಂದು ಸಂಶೋಧಕರು ಊಹಿಸಿದ್ದಾರೆ. ಸತ್ತು ನೂರಿಪ್ಪತ್ತು ವರ್ಷಗಳಾದ ಮೇಲೆ ಒಂದು ತಿಮಿಂಗಿಲದ ಬಾಣಂತನದ ಸುಳಿವು ಹೀಗೆ ಹೊರಬಂತು. 1891ರಲ್ಲಿ ಅದನ್ನು ಕೊಂಡವರಿಗೆ ಐಸೋಟೋಪು ಎಂಬ ಕಲ್ಪನೆಯೇ ಇರಲಿಲ್ಲ.

ದೊಡ್ಡ ನಿಸರ್ಗ ಸಂಗ್ರಹಾಲಯವೊಂದನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಎಳೆ ಇಲ್ಲಿದೆ. ಅದು ಸತ್ತ ಪ್ರಾಣಿಗಳ ಪ್ರದರ್ಶನವಷ್ಟೇ ಅಲ್ಲ. ಇನ್ನೂ ಯಾರೂ ಕೇಳಿರದ ಪ್ರಶ್ನೆಗಳಿಗೆ ಸಾಕ್ಷ್ಯ ಕಾಪಾಡುವ ದಾಖಲೆಮನೆ.

ಇದರ ಮೂಲ ಸಂಗ್ರಹ ಒಬ್ಬ ವೈದ್ಯನದು. ಐರ್ಲೆಂಡಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಹೆಸರು ಮಾಡಿದ ಹಾನ್ಸ್ ಸ್ಲೋನ್ 1687ರಲ್ಲಿ ಜಮೈಕಾಕ್ಕೆ ಹೋಗಿ ಗಿಡಮೂಲಿಕೆ, ಚಿಪ್ಪು, ಕೀಟಗಳನ್ನು ಕೂಡಿಸಲು ತೊಡಗಿದರು. 1753ರಲ್ಲಿ ತೀರಿಕೊಂಡಾಗ ಅವರ ಮನೆಯಲ್ಲಿ 71,000ದಷ್ಟು ವಸ್ತುಗಳಿದ್ದವು. ವಾರಸುದಾರರಿಗೆ 20,000 ಪೌಂಡ್ ಕೊಟ್ಟು ಬ್ರಿಟಿಷ್ ಸಂಸತ್ತು ಅವನ್ನು ಪಡೆಯಿತು. ಬ್ರಿಟಿಷ್ ಮ್ಯೂಸಿಯಂ ಹುಟ್ಟಿದ್ದು ಹಾಗೆ. ಸ್ಲೋನ್ ಅವರ ಸಂಪತ್ತಿನ ಒಂದು ಪಾಲು ಹೆಂಡತಿಯ ಕಡೆಯಿಂದ ಬಂದ ಜಮೈಕಾದ ಕಬ್ಬಿನ ತೋಟಗಳದು; ಆ ತೋಟಗಳಲ್ಲಿ ದುಡಿದವರು ಆಫ್ರಿಕಾದಿಂದ ತಂದ ಗುಲಾಮರು. ಸಂಗ್ರಹದ ಚರಿತ್ರೆ ಹೇಳುವಾಗ ಈ ಸಂಗತಿಯನ್ನು ಬಿಟ್ಟು ಹೇಳಲಾಗದು.

ಆ ಮ್ಯೂಸಿಯಂನ ನಿಸರ್ಗ ವಿಭಾಗಕ್ಕೇ ಪ್ರತ್ಯೇಕ ಕಟ್ಟಡ ಬೇಕೆಂದು ಹಟ ಹಿಡಿದವರು ಅಂಗರಚನಾಶಾಸ್ತ್ರಜ್ಞ ರಿಚರ್ಡ್ ಓವೆನ್. 1842ರಲ್ಲಿ ‘ಡೈನೋಸಾರಿಯಾ’ ಎಂಬ ಹೆಸರನ್ನು ಜಗತ್ತಿಗೆ ಕೊಟ್ಟವರೂ ಅವರೇ. ವಾಸ್ತುಶಿಲ್ಪಿ ಆಲ್ಫ್ರೆಡ್ ವಾಟರ್‌ಹೌಸ್ ಈ ಕಟ್ಟಡವನ್ನೇ ಒಂದು ಪಾಠವಾಗಿ ಕಟ್ಟಿದರು. ಪಶ್ಚಿಮದ ರೆಕ್ಕೆಯ ಗೋಡೆಗಳ ಮೇಲೆ ಇಂದಿಗೂ ಬದುಕಿರುವ ಪ್ರಾಣಿಗಳ ಶಿಲ್ಪ, ಪೂರ್ವದ ರೆಕ್ಕೆಯ ಮೇಲೆ ಅಳಿದುಹೋದವುಗಳ ಶಿಲ್ಪ. ಜೀವವಿಕಾಸದ ಬಗ್ಗೆ ಡಾರ್ವಿನ್ ಅವರೊಂದಿಗೆ ಜಗಳ ಕಾದಿದ್ದ ಓವೆನ್, ಅಳಿದವನ್ನೂ ಉಳಿದವನ್ನೂ ಒಟ್ಟಿಗೆ ಬೆರೆಸಲು ಒಪ್ಪಲಿಲ್ಲ. ಆ ಜಗಳ ಒಳಗಿನ ಮೆಟ್ಟಿಲ ಮೇಲೂ ಮುಂದುವರಿಯಿತು. 1885ರಲ್ಲಿ ಅಲ್ಲಿ ಡಾರ್ವಿನ್ ಪ್ರತಿಮೆ ನಿಂತಿತು. 1927ರಲ್ಲಿ ಅದನ್ನು ಸರಿಸಿ ಓವೆನ್ ಪ್ರತಿಮೆ ಇಟ್ಟರು. ಡಾರ್ವಿನ್ ಹುಟ್ಟಿದ 200ನೇ ವರ್ಷಾಚರಣೆಯ ಹೊತ್ತಿಗೆ ಅವರ ಅಮೃತಶಿಲೆಯ ವಿಗ್ರಹ ಹಳೆಯ ಜಾಗಕ್ಕೆ ಮರಳಿತು. ಆ ಮೆಟ್ಟಿಲ ಮೇಲೆ ನಿಂತು ಛಾವಣಿ ನೋಡಬೇಕು. ಗಿಡಮರಗಳ ಚಿತ್ರ ಬರೆದ 162 ಫಲಕಗಳು ಅಲ್ಲಿವೆ. ಕಂಬ, ಕಮಾನುಗಳಲ್ಲಿ ಟೆರಾಕೋಟಾದ ಕೋತಿಗಳು ಹತ್ತುತ್ತಿರುತ್ತವೆ.

ಮಕ್ಕಳಿಗೆ ಇದಾವುದೂ ಬೇಡ, ಡೈನೋಸಾರ್ ಬೇಕು. 1905ರಿಂದ ಒಂದು ಶತಮಾನ ಕಾಲ ಈ ಸಂಗ್ರಹಾಲಯದ ಗುರುತಾಗಿದ್ದದ್ದು 26 ಮೀಟರ್ ಉದ್ದದ ಡಿಪ್ಲೊಡೋಕಸ್, ಜನರ ಬಾಯಲ್ಲಿ ‘ಡಿಪ್ಪಿ’. ಅದು ನಿಜವಾದ ಮೂಳೆಯಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿರುವ ಅಸಲಿ ಅಸ್ಥಿಪಂಜರದಿಂದ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರಕ ಹೊಯ್ದ 292 ತುಂಡುಗಳ ನಕಲು. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಕೊಟ್ಟ ಉಡುಗೊರೆ. 2017ರಲ್ಲಿ ತಿಮಿಂಗಿಲಕ್ಕೆ ಜಾಗ ಬಿಟ್ಟುಕೊಟ್ಟ ಡಿಪ್ಪಿ ಬ್ರಿಟನ್ನಿನ ಊರೂರು ಸುತ್ತಿತು. ಅಸಲಿ ಮೂಳೆ ನೋಡಬೇಕೆನ್ನುವವರು ‘ಸೋಫಿ’ ಎಂಬ ಸ್ಟೆಗೊಸಾರಸ್ ಬಳಿ ನಿಲ್ಲಬೇಕು. ಅಮೆರಿಕದ ವಯೋಮಿಂಗ್‌ನಲ್ಲಿ ಸಿಕ್ಕ, 300ಕ್ಕೂ ಹೆಚ್ಚು ಮೂಳೆ ಉಳಿದಿರುವ ಪಳೆಯುಳಿಕೆ ಅದು. ಪಕ್ಕದ ಓಣಿಯ ಗೋಡೆಗಳಲ್ಲಿ ಕಡಲ ಸರೀಸೃಪಗಳು ಕಲ್ಲಿನಲ್ಲೇ ಹುದುಗಿವೆ. ಅವುಗಳಲ್ಲಿ ಕೆಲವನ್ನು ಅಗೆದು ತೆಗೆದವರು ಲೈಮ್ ರೀಜಿಸ್ ಎಂಬ ಕಡಲೂರಿನ ಬಡ ಬಡಗಿಯ ಮಗಳು ಮೇರಿ ಆ್ಯನಿಂಗ್. ಹೆಣ್ಣೆಂಬ ಕಾರಣಕ್ಕೆ ಆಕೆಯ ಕಾಲದ ಭೂವಿಜ್ಞಾನಿಗಳ ಸಂಘ ಅವರನ್ನು ಸದಸ್ಯೆಯಾಗಿ ಸೇರಿಸಿಕೊಳ್ಳಲಿಲ್ಲ.

ಜನಜಂಗುಳಿಯಿಂದ ತುಸು ದೂರದಲ್ಲಿ, ಮೊದಲ ಮಹಡಿಯ ‘ಟ್ರೆಷರ್ಸ್’ ಎಂಬ ಚಿಕ್ಕ ಕೋಣೆಯಲ್ಲಿ ಒಂದು ಮೊಟ್ಟೆ ಇದೆ. ಎಂಪರರ್ ಪೆಂಗ್ವಿನ್‌ನ ಮೊಟ್ಟೆ. ಮಾಸಲು ಬಿಳುಪು ಬಣ್ಣ, ಒಳಗಿನ ಭ್ರೂಣ ತೆಗೆಯಲು ಕೊರೆದ ಕಿಂಡಿ. 1911ರ ದಕ್ಷಿಣ ಧ್ರುವ ಪ್ರದೇಶದ ನಡುಚಳಿಗಾಲದಲ್ಲಿ, ದಿನವಿಡೀ ಸೂರ್ಯನೇ ಕಾಣದ ಕತ್ತಲಲ್ಲಿ, ಧ್ರುವ ಅನ್ವೇಷಕ ಸ್ಕಾಟ್ ಅವರ ತಂಡದ ಎಡ್ವರ್ಡ್ ವಿಲ್ಸನ್, ಹೆನ್ರಿ ಬವರ್ಸ್ ಮತ್ತು ಆಪ್ಸ್‌ಲಿ ಚೆರಿ-ಗರಾರ್ಡ್ ಇಂಥ ಮೊಟ್ಟೆಗಳಿಗಾಗಿ ಕೇಪ್ ಕ್ರೋಜಿಯರ್ ತನಕ ಬಂಡಿ ಎಳೆದುಕೊಂಡು ಹೋದರು. ಹೋಗಿಬರಲು ಐದು ವಾರ. ಚಳಿ ಮೈನಸ್ 60 ಡಿಗ್ರಿ ಸೆಲ್ಸಿಯಸ್‌ಗೂ ಇಳಿದಿತ್ತು. ಆಯ್ದ ಐದು ಮೊಟ್ಟೆಗಳಲ್ಲಿ ಎರಡು ದಾರಿಯಲ್ಲೇ ಒಡೆದವು. ಮುಂದಿನ ವರ್ಷ ವಿಲ್ಸನ್ ಮತ್ತು ಬವರ್ಸ್ ಧ್ರುವದಿಂದ ಮರಳುವಾಗ ಸ್ಕಾಟ್ ಜೊತೆಯಲ್ಲೇ ಪ್ರಾಣಬಿಟ್ಟರು. ಉಳಿದ ಮೂರು ಮೊಟ್ಟೆಗಳನ್ನು 1913ರಲ್ಲಿ ಚೆರಿ-ಗರಾರ್ಡ್ ತಾವೇ ತಂದು ಇಲ್ಲಿಗೆ ಒಪ್ಪಿಸಿದರು. ಸರೀಸೃಪಕ್ಕೂ ಹಕ್ಕಿಗೂ ಇರುವ ನಂಟು ಭ್ರೂಣದಲ್ಲಿ ಕಾಣಿಸೀತೆಂಬುದು ಅವರ ನಿರೀಕ್ಷೆ. ಅಷ್ಟೆಲ್ಲ ಪಾಡುಪಟ್ಟು ತಂದ ಭ್ರೂಣಗಳ ವರದಿ ಹೊರಬಂದದ್ದು 1934ರಲ್ಲಿ. ಅಷ್ಟರಲ್ಲಿ ಆ ಸಿದ್ಧಾಂತವೇ ಬಿದ್ದುಹೋಗಿತ್ತು.

ಹಾಗಾದರೆ ಆ ಮೊಟ್ಟೆ ಇಟ್ಟುಕೊಂಡು ಏನು ಪ್ರಯೋಜನ? ಇಂಥದೇ ಇನ್ನಷ್ಟು ಮೊಟ್ಟೆಗಳ ಕಥೆ ಕೇಳಿದರೆ ಉತ್ತರ ಸಿಗುತ್ತದೆ.

ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಪೆರೆಗ್ರಿನ್ ಫಾಲ್ಕನ್ ಎಂಬ ವೇಗದ ಗಿಡುಗಗಳ ಸಂಖ್ಯೆ ಕುಸಿಯತೊಡಗಿತು. ಗೂಡಿನಲ್ಲಿ ಮೊಟ್ಟೆಗಳು ಒಡೆದು ಬಿದ್ದಿರುತ್ತಿದ್ದವು. ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ನಿಸರ್ಗ ವಿಜ್ಞಾನಿ ಸಂಗ್ರಹಾಲಯಗಳಲ್ಲೂ ಹವ್ಯಾಸಿಗಳ ಮನೆಗಳಲ್ಲೂ ಇದ್ದ ಹಳೆಯ ಮೊಟ್ಟೆಯ ಚಿಪ್ಪುಗಳನ್ನು ಅಳೆದು ತೂಗಿ ನೋಡಿದರು. ಪ್ರತಿ ಚಿಪ್ಪಿಗೂ ಸಂಗ್ರಹಿಸಿದ ವರ್ಷ, ಊರು ನಮೂದಾಗಿದ್ದರಿಂದ ಕಾಲಕ್ರಮದಲ್ಲಿ ಜೋಡಿಸುವುದು ಸಾಧ್ಯವಾಯಿತು. ದಶಕಗಳ ಕಾಲ ಒಂದೇ ಸಮನಾಗಿದ್ದ ಚಿಪ್ಪು 1947ರ ಸುಮಾರಿಗೆ ಇದ್ದಕ್ಕಿದ್ದಂತೆ ತೆಳುವಾಗಿತ್ತು. ಸುಮಾರು ಐದರಲ್ಲೊಂದು ಪಾಲು ಕಡಿಮೆ. ಹೊಲಗದ್ದೆಗಳಿಗೆ ಡಿಡಿಟಿ ಎಂಬ ಕೀಟನಾಶಕ ಬಂದ ಕಾಲ ಅದು. ರ‍್ಯಾಟ್‌ಕ್ಲಿಫ್ 1967ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಈ ಲೇಖನ, ಡಿಡಿಟಿಗೆ ಹಲವು ದೇಶಗಳು ಕಡಿವಾಣ ಹಾಕಲು ಆಧಾರವಾದ ಸಾಕ್ಷ್ಯಗಳಲ್ಲಿ ಒಂದು. ಹವ್ಯಾಸಕ್ಕೆಂದು ಮೊಟ್ಟೆ ಕದ್ದು ತಂದವರು ವಿಷದ ಪತ್ತೆಗೆ ನೆರವಾಗುತ್ತೇವೆಂದು ಕನಸಿನಲ್ಲೂ ಎಣಿಸಿರಲಾರರು.

ನೋಡಲು ಬಂದವರ ಕಣ್ಣಿಗೆ ಬೀಳುವುದು 8 ಕೋಟಿಯಲ್ಲಿ ಎಳ್ಳಷ್ಟು ಭಾಗ ಮಾತ್ರ. ಉಳಿದದ್ದೆಲ್ಲ ಒಳಗಿನ ಕಪಾಟುಗಳಲ್ಲಿದೆ. 2009ರಲ್ಲಿ ಕಟ್ಟಿದ, ರೇಷ್ಮೆಗೂಡಿನ ಆಕಾರದ ‘ಕಕೂನ್’ ಕಟ್ಟಡದಲ್ಲಿ ಕೀಟಗಳೂ ಒಣಗಿಸಿದ ಗಿಡಗಳೂ ಇವೆ. ಪಕ್ಕದ ಇನ್ನೊಂದು ಕಟ್ಟಡದಲ್ಲಿ ಆಲ್ಕೋಹಾಲ್ ತುಂಬಿದ ಗಾಜಿನ ಜಾಡಿಗಳು. ಅವನ್ನು ಇಟ್ಟ ಶೆಲ್ಫುಗಳ ಒಟ್ಟು ಉದ್ದ 27 ಕಿಲೋಮೀಟರ್. ಅಲ್ಲೇ ಒಂದು ತೊಟ್ಟಿಯಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳ ಬಳಿ 2004ರಲ್ಲಿ ಸಿಕ್ಕ 8.62 ಮೀಟರ್ ಉದ್ದದ ದೈತ್ಯ ಸ್ಕ್ವಿಡ್ ಮಲಗಿದೆ. ಮೂಳೆಗೆ ಅಂಟಿದ ಮಾಂಸ ಬಿಡಿಸುವ ಕೆಲಸಕ್ಕೆ ಇಲ್ಲಿ ಡರ್ಮೆಸ್ಟಿಡ್ ಎಂಬ ಪುಟ್ಟ ಜೀರುಂಡೆಗಳನ್ನು ಸಾಕುತ್ತಾರೆ. ಚಾಕುವಿಗೆ ಸಿಗದ ಸಂದಿಗೊಂದಿಯ ಮಾಂಸವನ್ನೂ ಅವು ಮೂಳೆಗೆ ಗಾಯವಾಗದಂತೆ ತಿಂದು ಮುಗಿಸುತ್ತವೆ.

ಹಕ್ಕಿಗಳ ಸಂಗ್ರಹ ಲಂಡನ್ನಿನಲ್ಲಿಲ್ಲ. ಹತ್ತಿರದ ಟ್ರಿಂಗ್ ಎಂಬ ಪಟ್ಟಣದಲ್ಲಿದೆ. ಕಪಾಟಿನ ಅಗಲವಾದ ಡ್ರಾಯರ್ ಎಳೆದರೆ ಹಕ್ಕಿಗಳು ಅಂಗಾತ ಮಲಗಿರುತ್ತವೆ, ಒಂದರ ಪಕ್ಕ ಒಂದು. ರೆಕ್ಕೆ ಮಡಿಸಿದೆ. ಒಳಗಿನ ಮಾಂಸ ತೆಗೆದು ಹತ್ತಿ ತುಂಬಿದ್ದಾರೆ. ಕಣ್ಣಿನ ಜಾಗದಲ್ಲೂ ಹತ್ತಿಯೇ. ಎರಡೂ ಕಾಲು ಸೇರಿಸಿ ದಾರ ಕಟ್ಟಿ, ಆ ದಾರಕ್ಕೆ ಒಂದು ಚೀಟಿ. ಸಿಕ್ಕ ಊರು, ದಿನ, ಹಿಡಿದವರ ಹೆಸರು, ಗಂಡೋ ಹೆಣ್ಣೋ. ಮಾಸಿದ ಶಾಯಿಯ ನಾಲ್ಕು ಸಾಲು. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆಯಲ್ಲಿ ರಾಜರಿಗೂ ಬೇಟೆಗಾರರಿಗೂ ತಯಾರಾಗುತ್ತಿದ್ದ, ಹಲ್ಲು ಕಿರಿದ ಹುಲಿಗಳನ್ನು ಕಂಡವರಿಗೆ ಈ ಹಕ್ಕಿಗಳು ಸಪ್ಪೆ ಎನಿಸಬಹುದು. ಅಲ್ಲಿ ಜೀವಂತ ಪ್ರಾಣಿಯ ರೌದ್ರ ಉಳಿಸುವುದೇ ಕುಶಲತೆ. ಇಲ್ಲಿ ಚೆಂದಕ್ಕಿಂತ ಚೀಟಿ ಮುಖ್ಯ. ಚೀಟಿ ಕಳೆದುಹೋದ ಹಕ್ಕಿಯಿಂದ ಸಂಶೋಧಕರಿಗೆ ಹೆಚ್ಚೇನೂ ಸಿಗದು. ಸುಳ್ಳು ಚೀಟಿಯ ಹಕ್ಕಿಯಂತೂ ದಾರಿ ತಪ್ಪಿಸುತ್ತದೆ.

ಭಾರತದ್ದೇ ಒಂದು ಗೂಬೆಯ ವಿಷಯದಲ್ಲಿ ಹಾಗೇ ಆಯಿತು.

ಕಾಂಗ್ರೆಸ್ ಸ್ಥಾಪಕರಲ್ಲಿ ಒಬ್ಬರೆಂದು ಪಠ್ಯಪುಸ್ತಕದಲ್ಲಿ ಓದಿದ ಎ. ಓ. ಹ್ಯೂಮ್ ತಮ್ಮ ಕಾಲದ ಭಾರತದ ಅತಿದೊಡ್ಡ ಪಕ್ಷಿತಜ್ಞರೂ ಹೌದು. 1873ರಲ್ಲಿ ಅವರು ಒಂದು ಚಿಕ್ಕ ಗೂಬೆಗೆ ಹೆಸರಿಟ್ಟರು. ಇಂಗ್ಲಿಷಿನಲ್ಲಿ ಫಾರೆಸ್ಟ್ ಔಲೆಟ್. ನಮ್ಮೂರ ಮರದ ಪೊಟರೆಗಳಲ್ಲಿ ಸಂಜೆ ಕಾಣುವ ಹಾಲಕ್ಕಿಯ ಹತ್ತಿರದ ಸಂಬಂಧಿ. ಹ್ಯೂಮ್ ಒಂದು ದೊಡ್ಡ ಗ್ರಂಥಕ್ಕಾಗಿ ವರ್ಷಗಟ್ಟಲೆ ಬರೆದಿಟ್ಟ ಟಿಪ್ಪಣಿಗಳನ್ನು ಆಳೊಬ್ಬ ಶಿಮ್ಲಾ ಬಜಾರಿನಲ್ಲಿ ರದ್ದಿ ಕಾಗದವಾಗಿ ಮಾರಿಬಿಟ್ಟ. ಮನನೊಂದ ಹ್ಯೂಮ್ 1885ರಲ್ಲಿ ತಮ್ಮ 80,000ಕ್ಕೂ ಹೆಚ್ಚು ಹಕ್ಕಿ, ಮೊಟ್ಟೆಗಳ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಂನ ಈ ನಿಸರ್ಗ ವಿಭಾಗಕ್ಕೆ ದಾನ ಕೊಟ್ಟರು. ಟಿಪ್ಪಣಿಗಳು ಹೋದರೂ ಚೀಟಿಗಳು ಉಳಿದವು.

ಆ ಗೂಬೆಯ ಮಾದರಿಗಳು ಇಡೀ ಜಗತ್ತಿನಲ್ಲಿ ಇದ್ದದ್ದೇ ಬೆರಳೆಣಿಕೆಯಷ್ಟು. ಅವುಗಳಲ್ಲಿ ಕೆಲವನ್ನು 1880ರ ದಶಕದ ಆರಂಭದಲ್ಲಿ ಇಂದಿನ ಮಹಾರಾಷ್ಟ್ರದ ಖಾನ್‌ದೇಶದಲ್ಲಿ ಸಂಗ್ರಹಿಸಿದವರು ಜೇಮ್ಸ್ ಡೇವಿಡ್‌ಸನ್ ಎಂಬ ಅಧಿಕಾರಿ. ಈ ಡೇವಿಡ್‌ಸನ್ ಕರ್ನಾಟಕಕ್ಕೆ ಪರಕೀಯರಲ್ಲ. ಮುಂದೆ ಉತ್ತರ ಕನ್ನಡದಲ್ಲಿ ಅಧಿಕಾರಿಯಾಗಿದ್ದು, ಟಿ. ಆರ್. ಬೆಲ್ ಮತ್ತು ಇ. ಎಚ್. ಐಟ್ಕಿನ್ ಜೊತೆಗೂಡಿ ಆ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಸರಣಿ ಲೇಖನ ಬರೆದವರು. 1884ರ ನಂತರ ಗೂಬೆ ಯಾರ ಕಣ್ಣಿಗೂ ಬೀಳಲಿಲ್ಲ. ಒಂದೇ ಒಂದು ಮಾದರಿ ಮಾತ್ರ ಇದಕ್ಕೆ ಅಪವಾದವಾಗಿತ್ತು: 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ಹಿಡಿದದ್ದೆಂದು ಅದರ ಚೀಟಿ ಹೇಳುತ್ತಿತ್ತು. ಬರೆದವರು ಸೇನಾಧಿಕಾರಿ, ಹೆಸರಾಂತ ಪಕ್ಷಿತಜ್ಞ ರಿಚರ್ಡ್ ಮೈನರ್ಟ್ಸ್‌ಹಾಗನ್. ಹುಡುಕಿದವರು ಆ ಚೀಟಿ ನಂಬಿ ಗುಜರಾತಿಗೆ ಹೋದರು, ಬರಿಗೈಲಿ ಬಂದರು.

1990ರ ದಶಕದಲ್ಲಿ ಅಮೆರಿಕದ ಪಕ್ಷಿವಿಜ್ಞಾನಿ ಪಮೇಲಾ ರಾಸ್ಮುಸೆನ್ ಆ ಮಾದರಿಯನ್ನೇ ಕೂಲಂಕಷವಾಗಿ ಪರೀಕ್ಷಿಸಿದರು. ಎಕ್ಸ್‌-ರೇ ತೆಗೆಸಿದರು. ಯಾರೋ ಹಳೆಯ ಹತ್ತಿ ತೆಗೆದು ಹೊಸದು ತುಂಬಿ ಮತ್ತೆ ಹೊಲಿದಿದ್ದರು. ಆದರೆ ಮೂಲ ಕೆಲಸದ ಕೈಗುರುತು ಪೂರ್ತಿ ಅಳಿದಿರಲಿಲ್ಲ. ಚರ್ಮ ಸಿದ್ಧಪಡಿಸಿದ ರೀತಿ ಡೇವಿಡ್‌ಸನ್ ಅವರದು! ಸಂಗ್ರಹಾಲಯದಿಂದಲೇ ಕದ್ದ ಹಕ್ಕಿಗೆ ಮೈನರ್ಟ್ಸ್‌ಹಾಗನ್ ತಮ್ಮ ಚೀಟಿ ಕಟ್ಟಿದ್ದರು. ಹಿಂದೊಮ್ಮೆ ಅನುಮತಿಯಿಲ್ಲದೆ ಮಾದರಿ ಒಯ್ದ ಕಾರಣಕ್ಕೆ ಸಂಗ್ರಹಾಲಯದ ಹಕ್ಕಿಗಳ ಕೋಣೆಗೆ ಅವರ ಪ್ರವೇಶವನ್ನೇ ಕೆಲಕಾಲ ತಡೆಹಿಡಿದಿದ್ದುಂಟು. ಗುಜರಾತಿನ ಸುಳ್ಳು ವಿಳಾಸ ಕೈಬಿಟ್ಟ ರಾಸ್ಮುಸೆನ್ ಮತ್ತು ಜೊತೆಗಾರರು ನಿಜವಾದ ಚೀಟಿಗಳು ಹೇಳಿದ ಊರುಗಳನ್ನು ಹುಡುಕಿ ಹೊರಟರು. 1997ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ, ಹಾಡುಹಗಲಲ್ಲಿ, ಬೋಳು ಕೊಂಬೆಯ ಮೇಲೆ ಗೂಬೆ ಕುಳಿತಿತ್ತು. 113 ವರ್ಷಗಳ ನಂತರ ಅದು ಜೀವಂತವಾಗಿ ಸಿಕ್ಕಿತು. ಆಮೇಲೆ ಮಧ್ಯ ಭಾರತದ ಇನ್ನೂ ಹಲವೆಡೆ ಕಂಡಿದೆ.

ಈ ಕಥೆ ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತದೆ. ಭಾರತದ ಕಾಡಿನ ಹಕ್ಕಿಯ ಹಳೆಯ ಸಾಕ್ಷ್ಯ ನೋಡಲು ಇಂಗ್ಲೆಂಡಿಗೆ ಹೋಗಬೇಕಾದದ್ದು ಏಕೆ? ಸಾಮ್ರಾಜ್ಯದ ಕಾಲದಲ್ಲಿ ಇಲ್ಲಿನ ಹುಳಹುಪ್ಪಟೆ, ಹಾವು, ಮೀನುಗಳೆಲ್ಲ ಹಡಗು ಹತ್ತಿ ಹೋದವು. ಹೊಸ ಜೀವಿಯೊಂದಕ್ಕೆ ವೈಜ್ಞಾನಿಕ ಹೆಸರಿಡುವಾಗ ಯಾವ ಮಾದರಿಯನ್ನು ಆಧಾರವಾಗಿ ಇಡುತ್ತಾರೋ ಅದು ‘ಟೈಪ್ ಸ್ಪೆಸಿಮನ್’. ಆ ಹೆಸರು ಯಾವ ಜೀವಿಗೆ ಸಲ್ಲಬೇಕೆಂಬ ತಕರಾರು ಬಂದಾಗಲೆಲ್ಲ ಅದನ್ನೇ ನೋಡಬೇಕು. ಪಶ್ಚಿಮ ಘಟ್ಟದ ಎಷ್ಟೋ ಜೀವಿಗಳ ಟೈಪ್ ಸ್ಪೆಸಿಮನ್‌ಗಳು ಲಂಡನ್ನಿನಲ್ಲಿವೆ. ಹೆಗ್ಗೋಡಿನ ಕಪ್ಪೆಯನ್ನೋ ಆಗುಂಬೆಯ ಹಲ್ಲಿಯನ್ನೋ ಅಧ್ಯಯನ ಮಾಡುವವರಿಗೆ ವೀಸಾ, ವಿಮಾನದ ಖರ್ಚು ಅಡ್ಡಬರುವುದು ನ್ಯಾಯವಲ್ಲ. ಸಂಗ್ರಹಾಲಯ ಈಗ 50 ಲಕ್ಷಕ್ಕೂ ಹೆಚ್ಚು ಮಾದರಿಗಳ ವಿವರವನ್ನು ಅಂತರಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. 8 ಕೋಟಿಯ ಮುಂದೆ ಇದು ಸಣ್ಣ ಆರಂಭ, ಆದರೂ ಸರಿಯಾದ ಆರಂಭ.

ಲಂಡನ್ನಿಗೆ ಹೋಗುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಮಕ್ಕಳ ಮನೆಗೆಂದು ಹೋದ ಅಪ್ಪ ಅಮ್ಮಂದಿರು ಮೊಮ್ಮಕ್ಕಳ ಜೊತೆ ಇಲ್ಲಿಗೆ ಬಂದೇ ಬರುತ್ತಾರೆ. ಶಾಶ್ವತ ಗ್ಯಾಲರಿಗಳಿಗೆ ಟಿಕೆಟ್ ಇಲ್ಲ. ವಿಶೇಷ ಪ್ರದರ್ಶನಗಳಿಗೆ ಮಾತ್ರ ಹಣ. ಶಾಲೆಗಳಿಗೆ ರಜೆ ಇಲ್ಲದ ದಿನ, ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಡೈನೋಸಾರ್ ಸಾಲಿನಲ್ಲಿ ಕಾಯುವುದು ತಪ್ಪುತ್ತದೆ. ಎಲ್ಲವನ್ನೂ ಒಂದೇ ದಿನ ನೋಡಿ ಮುಗಿಸುವ ಹಟ ಬೇಡ. ತಿಮಿಂಗಿಲ, ಮೇರಿ ಆ್ಯನಿಂಗ್ ಗೋಡೆ, ಟ್ರೆಷರ್ಸ್ ಕೋಣೆ, ಖನಿಜಗಳ ಹಳೆಯ ಮರದ ಪೆಟ್ಟಿಗೆಗಳು, ಮೇಲ್ಮಹಡಿಯಲ್ಲಿರುವ 1,300 ವರ್ಷಕ್ಕೂ ಹಳೆಯ ಸಿಕ್ವಾಯ ಮರದ ಅಡ್ಡಸೀಳು, ಇಷ್ಟಾದರೆ ಅರ್ಧ ದಿನ ತುಂಬುತ್ತದೆ. ಪ್ರತಿ ಪೆಟ್ಟಿಗೆಯ ಮುಂದೆ ಮಕ್ಕಳಿಗೆ ಪ್ರಾಣಿಯ ಹೆಸರಿನ ಜೊತೆ ಸಿಕ್ಕ ಊರು ಮತ್ತು ವರ್ಷವನ್ನೂ ಓದಿಸಬೇಕು.

ಭಾರತದಲ್ಲೂ ಇಂಥ ಸಂಗ್ರಹಗಳಿವೆ, ಅವುಗಳ ಗತಿ ಒಂದೇ ತೆರನಾಗಿಲ್ಲ. 1828ರಲ್ಲಿ ಜಬಲ್ಪುರದಲ್ಲಿ ಸಿಕ್ಕ, ಮುಂದೆ ‘ಟೈಟನೋಸಾರಸ್ ಇಂಡಿಕಸ್’ ಎಂಬ ಹೆಸರು ಪಡೆದ ಡೈನೋಸಾರಿನ ಮೂಳೆ ಎಷ್ಟೋ ಕಾಲ ಕಳೆದುಹೋಗಿತ್ತು. ಕೋಲ್ಕತ್ತದ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಂಗ್ರಹದಲ್ಲಿ ಅದು ಮತ್ತೆ ಪತ್ತೆಯಾದದ್ದು 2012ರಲ್ಲಿ. ದೆಹಲಿಯಲ್ಲಿ 1978ರಲ್ಲಿ ತೆರೆದಿದ್ದ ರಾಷ್ಟ್ರೀಯ ನಿಸರ್ಗ ಚರಿತ್ರೆ ಸಂಗ್ರಹಾಲಯ 2016ರ ಏಪ್ರಿಲ್ 26ರ ನಸುಕಿನಲ್ಲಿ ಬೆಂಕಿಗೆ ಆಹುತಿಯಾಯಿತು. ಅದರ ಅಂಗವಾಗಿ 1995ರಲ್ಲಿ ಮೈಸೂರಿನ ಕಾರಂಜಿ ಕೆರೆಯ ಬಳಿ ಆರಂಭವಾದ ಪ್ರಾದೇಶಿಕ ಸಂಗ್ರಹಾಲಯ ಶಾಲೆಯ ಮಕ್ಕಳಿಗೆ ಇಂದಿಗೂ ನಿಸರ್ಗದ ಪಾಠ ಹೇಳುತ್ತಿದೆ. ಮೃಗಾಲಯ ನೋಡಲು ಹೋದವರು ಅಲ್ಲಿಗೂ ಒಂದು ಗಂಟೆ ಮೀಸಲಿಡಬಹುದು.

ಇವಲ್ಲದೆ ರಾಜ್ಯದ ಹಳೆಯ ಕಾಲೇಜುಗಳ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ವಿಭಾಗಗಳ ಕಪಾಟುಗಳಿವೆ. ಫಾರ್ಮಲಿನ್ ಬಾಟಲಿಯೊಳಗಿನ ಹಾವು, ಮೀನು. ಹಾಳೆಗೆ ಅಂಟಿಸಿದ ಗಿಡ. ಪೆಟ್ಟಿಗೆಯಲ್ಲಿ ಪಿನ್ನು ಚುಚ್ಚಿದ ಚಿಟ್ಟೆ. ಕೆರೆ ಬತ್ತಿಹೋದ, ಕಾಡು ಕಡಿದುಹೋದ ಊರುಗಳಿಂದ ಹಿಂದಿನ ಮೇಷ್ಟ್ರುಗಳೂ ವಿದ್ಯಾರ್ಥಿಗಳೂ ತಂದವು. ವಿಭಾಗದ ಕೋಣೆ ಬದಲಾದಾಗ ಇವು ಹಳೆ ಸಾಮಾನಿನ ಜೊತೆ ಸೇರಿಹೋಗುವ ಅಪಾಯವಿದೆ. ದೊಡ್ಡ ಅನುದಾನ ಬರುವವರೆಗೆ ಕಾಯದೆ ಮಾಡಬಹುದಾದ ಕೆಲಸ ಒಂದಿದೆ. ಪ್ರತಿ ಮಾದರಿಯ ಫೋಟೊ ತೆಗೆದು, ಶಾಯಿ ಪೂರ್ತಿ ಮಾಸುವ ಮೊದಲು ಚೀಟಿಯ ಮೇಲಿನ ಊರು, ದಿನಾಂಕ, ಸಂಗ್ರಹಿಸಿದವರ ಹೆಸರನ್ನು ಅಕ್ಷರಶಃ ನಕಲು ಮಾಡಿ ಕಂಪ್ಯೂಟರಿಗೆ ಏರಿಸುವುದು, ಬಾಟಲಿಯ ದ್ರಾವಣ ತಗ್ಗಿದ್ದರೆ ತುಂಬಿಸುವುದು. ಒಂದು ತರಗತಿಯ ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನಲ್ಲಿ ಮಾಡಿ ಮುಗಿಸಬಹುದಾದ ಕೆಲಸ ಇದು.